ಮೊದಲ ಹಿಮ ಬಿದ್ದ ಮಾತ್ರಕ್ಕೆ ಚಳಿಗಾಲ ಬಂದಂತಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಒಂದು ಬಣ್ಣದ ಫೋಟೊ ಬಂದಿತ್ತು. ಹಳದಿ ಎಲೆ ತುಂಬಿದ ಮರಗಳು, ಎಲೆಗಳ ಮೇಲೆ ತೆಳ್ಳಗೆ ಹಿಮ, ಕೆಳಗೆ ಕೊಡೆ ಹಿಡಿದು ನಡೆಯುತ್ತಿರುವ ಒಬ್ಬ ಹೆಂಗಸು. ಅಡಿಯಲ್ಲಿ ಒಂದೇ ಸಾಲು: ‘ಉತ್ತರ ಯುರೋಪ್‌ನಲ್ಲಿ ಚಳಿಗಾಲ ಆರಂಭ, ಮೊದಲ ಹಿಮಪಾತಕ್ಕೆ ಜನರ ಪುಳಕ’. ಯಾವ ದೇಶ, ಯಾವ ಊರು, ಯಾವ ದಿನ, ಎಷ್ಟು ಹಿಮ, ಒಂದೂ ಇಲ್ಲ.

ಆ ಫೋಟೊವನ್ನು ತುಂಬ ಹೊತ್ತು ನೋಡಿದೆ. ಎಲೆ ಇನ್ನೂ ಉದುರಿಲ್ಲ. ರಸ್ತೆ ಕಪ್ಪಗೆ ಒದ್ದೆಯಾಗಿದೆ, ಅಂದರೆ ಬಿದ್ದ ಹಿಮ ನೆಲದಲ್ಲಿ ನಿಂತಿಲ್ಲ. ಆ ಹೆಂಗಸಿನ ಕೈಗೆ ಗವಸು ಕೂಡ ಇಲ್ಲ. ಇದು ಚಳಿಗಾಲದ ಫೋಟೊ ಅಲ್ಲ. ಶರತ್ಕಾಲದ ಫೋಟೊ. ಬಹುಶಃ ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಹಿಮ ನೀರಾಗಿ ಹರಿದುಹೋಗಿರುತ್ತದೆ.

ಒಂದು ಸಾಲಿನ ಅಡಿಬರಹಕ್ಕೆ ಇಷ್ಟು ದೊಡ್ಡ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ಆದರೆ ಪ್ರತಿ ವರ್ಷ ಇದೇ ಹೊತ್ತಿಗೆ ಇಂಥದೇ ಫೋಟೊ, ಇಂಥದೇ ಸಾಲು ಬರುತ್ತದೆ. ನಿಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ಕಡೆ. ಮೊದಲ ಹಿಮ ಬಿದ್ದ ದಿನಕ್ಕೂ ಹಿಮ ನೆಲದ ಮೇಲೆ ಉಳಿಯುವ ದಿನಕ್ಕೂ ನಡುವೆ ಕೆಲವು ವಾರಗಳಿವೆ. ಆ ಕಡೆಯ ಜನರಿಗೆ, ಪ್ರಾಣಿಗಳಿಗೆ, ವರ್ಷದ ಅತಿ ಮುಖ್ಯವಾದ ವಾರಗಳು ಅವೇ. ನಮ್ಮ ಓದುಗರಿಗೆ ಅವುಗಳ ಸುದ್ದಿ ಒಂದಿಷ್ಟೂ ಸಿಗುವುದಿಲ್ಲ. ನನ್ನ ತಕರಾರು ಅದು.

ನಾನು ಡೊಂಬಿವಲಿಯವಳು. ಹುಟ್ಟಿದ್ದು ಕುಮಟಾ ಹತ್ತಿರದ ಹಳ್ಳಿಯಲ್ಲಿ. ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಭೂಗೋಳ ಕಲಿಸಿ ನಿವೃತ್ತಳಾದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ಹೋಟೆಲ್ ಕಾರ್ಮಿಕರ, ಮನೆಗೆಲಸದವರ, ಟ್ಯಾಕ್ಸಿ ಓಡಿಸುವವರ ಮಕ್ಕಳಿಗೆ ಟಂಡ್ರಾ ಪ್ರದೇಶದ ಪಾಠ ಮಾಡಿದವಳು. ಪಾಠದಲ್ಲಿ ಇರುತ್ತಿದ್ದದ್ದು ಹಿಮ, ಹಿಮಸಾರಂಗ, ದೀರ್ಘ ಚಳಿಗಾಲ ಅಷ್ಟೇ. ಒಬ್ಬ ಹುಡುಗ ಕೇಳಿದ್ದ, ‘ಟೀಚರ್, ಹಿಮ ಬೀಳೋಕೆ ಮುಂಚೆ ಅಲ್ಲಿ ಏನು ಬೀಳುತ್ತೆ?’ ಎಂಥ ಒಳ್ಳೆಯ ಪ್ರಶ್ನೆ! ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಈಗ ನನ್ನ ಮಗಳು ಸ್ವೀಡನ್ನಿನ ಕಿರುನಾ ಎಂಬ ಊರಿನಲ್ಲಿದ್ದಾಳೆ. ಅಲ್ಲಿನ ಕಬ್ಬಿಣದ ಅದಿರಿನ ಗಣಿಗೆ ಸಂಬಂಧಿಸಿದ ಕೆಲಸ. ಆರ್ಕ್ಟಿಕ್ ವೃತ್ತದಿಂದ ಇನ್ನೂ ಸುಮಾರು 145 ಕಿಲೋಮೀಟರ್ ಉತ್ತರಕ್ಕಿದೆ ಆ ಊರು. ಗಣಿ ಅಗೆದಂತೆ ನೆಲ ಕುಸಿಯುತ್ತಿರುವುದರಿಂದ ಊರನ್ನೇ ಪಕ್ಕಕ್ಕೆ ಸರಿಸುತ್ತಿದ್ದಾರೆ. 1912ರಲ್ಲಿ ಕಟ್ಟಿದ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ, ಗಾಡಿಯ ಮೇಲಿಟ್ಟು ಐದು ಕಿಲೋಮೀಟರ್ ಸಾಗಿಸಿದ್ದನ್ನು ನೀವೂ ಪ್ರಕಟಿಸಿದ್ದಿರಿ. ಆಗ ಊರಿನ ಹೆಸರು ಬರೆದಿದ್ದಿರಿ, ದಿನಾಂಕ ಬರೆದಿದ್ದಿರಿ. ಹಿಮಕ್ಕೆ ಮಾತ್ರ ಯಾಕೆ ಊರು ಬೇಡ?

‘ಉತ್ತರ ಯುರೋಪ್’ ಅನ್ನುವುದು ಒಂದು ಊರಲ್ಲ. ಸ್ವೀಡನ್ ಒಂದನ್ನೇ ತೆಗೆದುಕೊಳ್ಳಿ. ಉತ್ತರದ ಕಿರುನಾದಿಂದ ದಕ್ಷಿಣದ ಮಾಲ್ಮೋಗೆ ನೇರ ಗೆರೆ ಎಳೆದರೆ ಸುಮಾರು 1400 ಕಿಲೋಮೀಟರ್. ಮುಂಬೈಯಿಂದ ಕನ್ಯಾಕುಮಾರಿಗೆ ಇರುವುದಕ್ಕಿಂತ ಜಾಸ್ತಿ. ಕಿರುನಾದಲ್ಲಿ ಅಕ್ಟೋಬರ್‌ನಲ್ಲಿ ಚಳಿಗಾಲ ಕೂತರೆ, ಮಾಲ್ಮೋ ಕಡೆ ಕೆಲವು ವರ್ಷ ಹವಾಮಾನದ ಲೆಕ್ಕದಲ್ಲಿ ಚಳಿಗಾಲ ಬರುವುದೇ ಇಲ್ಲ. ಮುಂಬೈನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಆಗಿರಲಿಲ್ಲ. ಅಂದು ಬರೀ ‘ಮುಂಬೈನಲ್ಲಿ ಮಳೆ’ ಎಂದು ಬರೆದಿದ್ದರೆ ಏನು ತಿಳಿಯುತ್ತಿತ್ತು?

ಇನ್ನು ‘ಚಳಿಗಾಲ ಆರಂಭ’ ಎಂಬ ಮಾತು. ಸ್ವೀಡನ್ನಿನ ಹವಾಮಾನ ಸಂಸ್ಥೆ ಋತುವನ್ನು ಕ್ಯಾಲೆಂಡರ್ ನೋಡಿ ಹೇಳುವುದಿಲ್ಲ, ಹಿಮ ನೋಡಿಯೂ ಹೇಳುವುದಿಲ್ಲ. ಥರ್ಮಾಮೀಟರ್ ನೋಡಿ ಹೇಳುತ್ತದೆ. ಒಂದು ಊರಿನಲ್ಲಿ ದಿನದ ಸರಾಸರಿ ಉಷ್ಣಾಂಶ ಸತತ ಐದು ದಿನ 10 ಡಿಗ್ರಿಗಿಂತ ಕೆಳಗಿದ್ದರೆ ಅಲ್ಲಿ ಶರತ್ಕಾಲ ಬಂತು. ಸತತ ಐದು ದಿನ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ ಚಳಿಗಾಲ ಬಂತು. ಅಷ್ಟೇ ನಿಯಮ. ಕಿರುನಾದಲ್ಲಿ ಶರತ್ಕಾಲ ಆಗಸ್ಟ್‌ನಲ್ಲೇ ಬಂದುಬಿಡುತ್ತದೆ. ನಾವಿಲ್ಲಿ ಗಣಪತಿ ಕೂರಿಸುವ ಗಡಿಬಿಡಿಯಲ್ಲಿರುವಾಗ ಅಲ್ಲಿ ಎಲೆ ಬಣ್ಣ ತಿರುಗುತ್ತಿರುತ್ತದೆ.

ನಮ್ಮಲ್ಲಿ ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗಿ ಜೋರು ಮಳೆ ಬಂದರೆ, ಮುಂಗಾರು ಬಂತು ಎಂದು ನೀವು ಬರೆಯುತ್ತೀರಾ? ಬರೆಯುವುದಿಲ್ಲ. ಮುಂಗಾರು ಪೂರ್ವ ಮಳೆ ಎಂದು ಬರೆಯುತ್ತೀರಿ. ಹವಾಮಾನ ಇಲಾಖೆ ಘೋಷಿಸುವವರೆಗೆ ಕಾಯುತ್ತೀರಿ. ಇಲಾಖೆಗೂ ನಿಯಮ ಇದೆ. ಕೇರಳಕ್ಕೆ ಮುಂಗಾರು ಬಂತು ಅನ್ನಬೇಕಾದರೆ ಮೇ 10ರ ನಂತರ, ಗೊತ್ತುಮಾಡಿದ 14 ಕೇಂದ್ರಗಳಲ್ಲಿ ಶೇಕಡಾ 60ರಷ್ಟು ಕಡೆ ಎರಡು ದಿನ ಸತತವಾಗಿ 2.5 ಮಿಲಿಮೀಟರ್ ಆದರೂ ಮಳೆ ಬೀಳಬೇಕು. ಗಾಳಿ, ಮೋಡದ ಲೆಕ್ಕವೂ ಹೊಂದಬೇಕು. ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಅದು ಮೇ 26ಕ್ಕೇ ಬಂದಾಗ ನೀವು ಎಷ್ಟು ಕಾಳಜಿಯಿಂದ ಬರೆದಿರಿ! ಹಳೆಯ ದಾಖಲೆ ಯಾವುದು, ಯಾವ ಕೇಂದ್ರದಲ್ಲಿ ಎಷ್ಟು ಮಳೆ, ಎಲ್ಲ ಇತ್ತು. ಉತ್ತರದ ಮೊದಲ ಹಿಮ ಕೂಡ ಈ ಮೇ ತಿಂಗಳ ಮಳೆ ಇದ್ದ ಹಾಗೆ. ಬರುತ್ತದೆ, ಹೋಗುತ್ತದೆ. ನಿಜವಾದ ಹಿಮ ಹಿಂದಿನಿಂದ ಬರುತ್ತದೆ.

ನಾನು ಹೋದ ವರ್ಷ ಆಗಸ್ಟ್ ಕೊನೆಗೆ ಹೋಗಿ ನವೆಂಬರ್ ಶುರುವಾಗುವವರೆಗೆ ಮಗಳ ಮನೆಯಲ್ಲಿದ್ದೆ. ಆದ್ದರಿಂದ ಕಂಡದ್ದನ್ನು ಬರೆಯುತ್ತೇನೆ.

ಸೆಪ್ಟೆಂಬರ್ ಮೊದಲ ವಾರಗಳು ಬಣ್ಣದ ವಾರಗಳು. ಅಲ್ಲಿ ಬೆಟ್ಟದ ತುಂಬ ಬರ್ಚ್ ಮರ. ನಮ್ಮ ಹಿಮಾಲಯದ ಭೂರ್ಜದ ಬಳಗದ್ದೇ, ಆದರೆ ಕುಳ್ಳ, ಸೊಟ್ಟ. ಅದು ಹಳದಿಯಾಗುತ್ತದೆ. ಅದಕ್ಕಿಂತ ಮೇಲೆ, ಮರ ಬೆಳೆಯದ ಎತ್ತರದಲ್ಲಿ ಮೊಣಕಾಲೆತ್ತರದ ಕುಬ್ಜ ಬರ್ಚ್ ಇದೆ. ಅದು ಕೆಂಪಗೆ ತಿರುಗುತ್ತದೆ. ಇಡೀ ಇಳಿಜಾರು ಕೆಂಪು. ಚಳಿ ಬಂದದ್ದರಿಂದ ಮಾತ್ರ ಹೀಗಾಗುವುದಲ್ಲ. ಹಗಲು ಗಿಡ್ಡವಾಗುವುದನ್ನು ಮರ ಮೊದಲು ಗುರುತಿಸುತ್ತದೆ. ಎಲೆಯಲ್ಲಿದ್ದ ಸಾರವನ್ನು ಒಳಗೆ ಎಳೆದುಕೊಳ್ಳುತ್ತದೆ, ಹಸಿರು ಹೋಗುತ್ತದೆ, ಅಡಿಯಲ್ಲಿದ್ದ ಹಳದಿ ಕಾಣುತ್ತದೆ.

ಆ ಹಗಲು ಎಷ್ಟು ಬೇಗ ಗಿಡ್ಡವಾಗುತ್ತದೆ ಎಂಬುದು ಮುಂಬೈನಲ್ಲಿ ಕೂತವರ ಊಹೆಗೆ ಬರುವುದಿಲ್ಲ. ಸೆಪ್ಟೆಂಬರ್ 22, 23ರ ಸುಮಾರಿಗೆ ಹಗಲು ರಾತ್ರಿ ಸಮ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ದಿನಗಳಲ್ಲಿ ಮುಂಬೈನ ಹಗಲು ದಿನಕ್ಕೆ ಸುಮಾರು ಒಂದು ನಿಮಿಷ ಕಡಿಮೆಯಾಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಕಿರುನಾದಲ್ಲಿ ದಿನಕ್ಕೆ ಏಳರಿಂದ ಎಂಟು ನಿಮಿಷ. ವಾರಕ್ಕೆ ಐವತ್ತು ನಿಮಿಷಕ್ಕಿಂತ ಜಾಸ್ತಿ. ಒಂದು ಸೋಮವಾರ ರಾತ್ರಿ ಅಡುಗೆ ಮಾಡುವಾಗ ಕಿಟಕಿಯಲ್ಲಿ ಬೆಳಕಿತ್ತು. ಮುಂದಿನ ಸೋಮವಾರ ಅದೇ ಹೊತ್ತಿಗೆ ದೀಪ ಹಾಕಬೇಕಾಯಿತು. ಜೂನ್‌ನಲ್ಲಿ ಸೂರ್ಯ ಮುಳುಗದ ಊರು ಅದು. ಡಿಸೆಂಬರ್ ಮಧ್ಯದಿಂದ ಹೊಸ ವರ್ಷದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಒಂದರಿಂದ ಇನ್ನೊಂದಕ್ಕೆ ಇಳಿಯುವುದು ಇದೇ ಶರತ್ಕಾಲದಲ್ಲಿ.

ಜನ ಸುಮ್ನೆ ಕೂತಿರುವುದಿಲ್ಲ. ಕಾಡಿನಲ್ಲಿ ನೀಲಿ ಬೆರಿ ಮುಗಿಯುತ್ತಾ ಬಂದಿರುತ್ತದೆ, ಕೆಂಪು ಲಿಂಗನ್‌ಬೆರಿ ಹಣ್ಣಾಗಿರುತ್ತದೆ. ಯಾರ ಜಮೀನಿನ ಕಾಡಾದರೂ ಸರಿ, ಹೋಗಿ ಹಣ್ಣು ಆಯ್ದುಕೊಳ್ಳಲು ಆ ದೇಶದಲ್ಲಿ ಎಲ್ಲರಿಗೂ ಹಕ್ಕಿದೆ. ನಾನೂ ಬಕೆಟ್ ಹಿಡಿದು ಹೋದೆ. ನಮ್ಮ ಊರ ಕಡೆ ಕವಳಿ ಹಣ್ಣಿಗೆ ಗುಡ್ಡ ಹತ್ತಿದವಳಿಗೆ ಅದೇನೂ ಕಷ್ಟ ಆಗಲಿಲ್ಲ. ಉಪ್ಪು, ಮೆಣಸಿನಪುಡಿ ಹಾಕಿ ಲಿಂಗನ್‌ಬೆರಿ ಉಪ್ಪಿನಕಾಯಿ ಮಾಡಿದೆ. ಚೆನ್ನಾಗಿ ಬಂತು. ಸೆಪ್ಟೆಂಬರ್ ಮೊದಲ ಸೋಮವಾರದಿಂದ ಜಿಂಕೆ ಕುಟುಂಬದ ಮೂಸ್ ಎಂಬ ದೊಡ್ಡ ಪ್ರಾಣಿಯ ಬೇಟೆ ಶುರು. ಮಗಳ ಆಫೀಸಿನಲ್ಲಿ ಅರ್ಧ ಜನ ರಜೆ. ಫ್ರೀಜರ್ ತುಂಬಿಸಿಕೊಳ್ಳುವ ಕಾಲ ಅದು.

ರಾತ್ರಿ ಮತ್ತೆ ಕತ್ತಲಾಗುವುದರಿಂದ ಆಕಾಶದಲ್ಲಿ ಹಸಿರು ಬೆಳಕು, ಅಂದರೆ ಧ್ರುವಪ್ರಭೆ, ಕಾಣಲು ಶುರುವಾಗುವುದೂ ಆಗಲೇ. ಇಲ್ಲಿ ಒಂದು ಮಾತು ಹೇಳಲೇಬೇಕು. 1859ರ ಸೆಪ್ಟೆಂಬರ್ ಆರಂಭದಲ್ಲಿ ಸೂರ್ಯನಿಂದ ಎದ್ದ ದೊಡ್ಡ ಬಿರುಗಾಳಿ ಭೂಮಿಗೆ ಬಡಿದು, ಧ್ರುವಪ್ರಭೆ ಉಷ್ಣವಲಯದವರೆಗೆ ಕಂಡಿತ್ತು. ಭೂಮಿಯ ಕಾಂತಕ್ಷೇತ್ರ ಅಂದು ಎಷ್ಟು ಕುಸಿಯಿತು ಎಂಬುದರ ಬೆಲೆಕಟ್ಟಲಾಗದ ದಾಖಲೆ ಇರುವುದು ನಮ್ಮ ಕೊಲಾಬಾ ವೀಕ್ಷಣಾಲಯದಲ್ಲಿ ಬರೆದಿಟ್ಟ ಪುಸ್ತಕಗಳಲ್ಲಿ. ಮುಂಬೈನಲ್ಲಿ ಕೂತು ಯಾರೋ ಹೊತ್ತು ಹೊತ್ತಿಗೆ ಸೂಜಿ ನೋಡಿ ಅಂಕಿ ಬರೆದಿಟ್ಟಿದ್ದರಿಂದ ಇವತ್ತಿನ ವಿಜ್ಞಾನಿಗಳು ಅದನ್ನು ಓದುತ್ತಿದ್ದಾರೆ. ಅಂಕಿ ಬರೆದಿಡುವ ಅಭ್ಯಾಸ ಈ ಊರಿಗೆ ಹೊಸದಲ್ಲ.

ಮೊದಲ ಹಿಮ ಬಂದದ್ದು ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ. ಎದ್ದಾಗ ಮಳೆ ಹನಿಯುತ್ತಿತ್ತು. ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ 2 ಆಯಿತು, ಮಳೆಯ ಜೊತೆ ಬಿಳಿ ಚೂರುಗಳು ಕಾಣಿಸಿದವು. 1 ಡಿಗ್ರಿಗೆ ಇಳಿಯುವ ಹೊತ್ತಿಗೆ ಮಳೆ ಪೂರ್ತಿ ಹಿಮವಾಗಿತ್ತು, ದೊಡ್ಡ ದೊಡ್ಡ ಒದ್ದೆ ತುಣುಕುಗಳು. ಸೊನ್ನೆಗಿಂತ ಮೇಲಿದ್ದರೂ ಹಿಮ ಹೇಗೆ ಬೀಳುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಹಿಮ ಹುಟ್ಟುವುದು ಮೇಲೆ, ಮೋಡದಲ್ಲಿ. ಅಲ್ಲಿ ಸೊನ್ನೆಗಿಂತ ಕೆಳಗಿರುತ್ತದೆ. ಕೆಳಗಿನ ಬೆಚ್ಚಗಿನ ಗಾಳಿ ದಪ್ಪವಾಗಿದ್ದರೆ ದಾರಿಯಲ್ಲೇ ಕರಗಿ ಮಳೆಯಾಗುತ್ತದೆ. ಕರಗುವಾಗ ಅದು ಸುತ್ತಲಿನ ಗಾಳಿಯಿಂದಲೇ ಶಾಖ ತೆಗೆದುಕೊಳ್ಳುತ್ತದೆ. ಹಾಗಾಗಿ ಗಾಳಿ ತಣ್ಣಗಾಗುತ್ತಾ ಹೋಗುತ್ತದೆ, ಆಮೇಲೆ ಬೀಳುವ ಹಿಮ ಕರಗದೆ ನೆಲ ಮುಟ್ಟುತ್ತದೆ. ಆ ಬೆಳಿಗ್ಗೆ ಅಷ್ಟೂ ಪಾಠ ಕಿಟಕಿಯ ಹೊರಗೆ ನಡೆಯುತ್ತಿತ್ತು. ನಾನು ಚಹಾ ಆರಿಹೋಗುವವರೆಗೆ ಅಲ್ಲೇ ನಿಂತಿದ್ದೆ.

ಪಕ್ಕದ ಮನೆಯ ಅಜ್ಜಿಗೆ ಅದರಲ್ಲಿ ಏನೂ ಪುಳಕ ಇರಲಿಲ್ಲ. ಅವರು ಆ ಕಡೆಯ ಮೂಲನಿವಾಸಿಗಳಾದ ಸಾಮಿ ಜನಾಂಗದವರು, ಅಣ್ಣತಮ್ಮಂದಿರು ಹಿಮಸಾರಂಗ ಸಾಕುವವರು. ನಾನು ಖುಷಿಯಿಂದ ಹೊರಗೆ ತೋರಿಸಿದಾಗ ಅವರು ನನ್ನ ಮಗಳಿಗೆ ಏನೋ ಹೇಳಿದರು. ಮಗಳು ನನಗೆ ಕನ್ನಡದಲ್ಲಿ ಹೇಳಿದಳು: ‘ಅಮ್ಮ, ಇದು ಲೆಕ್ಕಕ್ಕಿಲ್ಲವಂತೆ. ನೆಲ ಇನ್ನೂ ಬಿಸಿ ಇದೆ. ಹೆಪ್ಪುಗಟ್ಟಿದ ನೆಲದ ಮೇಲೆ ಒಣ ಹಿಮ ಬೀಳಲಿ, ಆಗ ನೋಡೋಣ ಅಂತಾರೆ.’ ಸಂಜೆಯೊಳಗೆ ರಸ್ತೆ ಒದ್ದೆ. ಮಾರನೇ ದಿನ ಹುಲ್ಲಿನ ಮೇಲೂ ಇಲ್ಲ. ಬೆಟ್ಟದ ತುದಿಯಲ್ಲಿ ಮಾತ್ರ ಬಿಳಿ ಉಳಿಯಿತು. ಆಮೇಲೆ ಇನ್ನೊಮ್ಮೆ ಬಿತ್ತು, ಕರಗಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಬಿದ್ದದ್ದು ಕರಗದೆ ನೆಲದಲ್ಲಿ ನಿಂತಿತು.

ಅಜ್ಜಿ ಹೇಳಿದ ಮಾತಿನ ತೂಕ ನನಗೆ ನಿಧಾನವಾಗಿ ಗೊತ್ತಾಯಿತು. ಸಾಮಿ ಜನರ ವರ್ಷದಲ್ಲಿ ಎಂಟು ಋತುಗಳಿವೆ. ಶರತ್ಕಾಲಕ್ಕೂ ಚಳಿಗಾಲಕ್ಕೂ ನಡುವಿನ ಈ ಹೊತ್ತಿಗೇ ಒಂದು ಪ್ರತ್ಯೇಕ ಋತು. ಯಾಕೆಂದರೆ ಅವರ ಪ್ರಾಣಿಗಳ ಇಡೀ ಚಳಿಗಾಲ ಹೇಗಿರುತ್ತದೆ ಎಂದು ಈ ಕೆಲವೇ ವಾರಗಳಲ್ಲಿ ನಿರ್ಧಾರವಾಗುತ್ತದೆ.

ಸ್ವೀಡನ್ ಒಂದರಲ್ಲೇ ಸುಮಾರು ಎರಡೂವರೆ ಲಕ್ಷ ಹಿಮಸಾರಂಗಗಳಿವೆ. ಚಳಿಗಾಲದಲ್ಲಿ ಅವುಗಳ ಮುಖ್ಯ ಆಹಾರ ನೆಲದ ಮೇಲೆ ಬೆಳೆಯುವ, ಕಲ್ಲುಹೂವಿನ ಜಾತಿಯ ಲೈಕನ್. ನಾವು ಮಸಾಲೆಗೆ ಹಾಕುವ, ಇಲ್ಲಿನ ಮರಾಠಿ ಅಂಗಡಿಗಳಲ್ಲಿ ದಗಡ್ ಫೂಲ್ ಎಂದು ಕೊಡುವ ವಸ್ತುವೂ ಅದೇ ವರ್ಗಕ್ಕೆ ಸೇರಿದ್ದು. ಅಲ್ಲಿನದು ಬೂದಿ ಬಣ್ಣದ್ದು, ಪೊದೆ ಪೊದೆಯಾಗಿರುತ್ತದೆ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಮೇಲೆ ಹಿಮ ಬಿದ್ದರೂ ಹಿಮಸಾರಂಗ ವಾಸನೆಯಿಂದ ಅದನ್ನು ಕಂಡುಹಿಡಿದು, ಗೊರಸಿನಿಂದ ಹಿಮ ಕೆದಕಿ ತಿನ್ನುತ್ತದೆ. ಒಣ, ಸಡಿಲ ಹಿಮ ಮೊಣಕಾಲು ಮುಳುಗುವಷ್ಟಿದ್ದರೂ ಅದಕ್ಕೆ ತೊಂದರೆ ಇಲ್ಲ.

ತೊಂದರೆ ಬರುವುದು ಮಳೆಯಿಂದ. ಹಿಮ ಬಿದ್ದ ಮೇಲೆ ಅಟ್ಲಾಂಟಿಕ್ ಕಡೆಯಿಂದ ಬೆಚ್ಚಗಿನ ಗಾಳಿ ಬಂದು ಮಳೆ ಸುರಿದರೆ, ನೀರು ಹಿಮದೊಳಗೆ ಇಳಿಯುತ್ತದೆ. ಮತ್ತೆ ಚಳಿ ಬಂದಾಗ ನೆಲಕ್ಕೆ ಅಂಟಿಕೊಂಡು ಗಟ್ಟಿ ಮಂಜುಗಡ್ಡೆ ಆಗುತ್ತದೆ. ಕಲ್ಲುಹೂವು ಅದರೊಳಗೆ ಸಿಕ್ಕಿಬೀಳುತ್ತದೆ. ಗೊರಸಿಗೆ ಒಡೆಯುವುದಿಲ್ಲ, ವಾಸನೆಯೂ ಮೇಲೆ ಬರುವುದಿಲ್ಲ. ಆ ಮಂಜುಗಡ್ಡೆ ವಸಂತದವರೆಗೆ ಹಾಗೇ ಉಳಿಯಬಹುದು. ಪ್ರಾಣಿಗಳು ಹೊಟ್ಟೆಗಿಲ್ಲದೆ ಒದ್ದಾಡುತ್ತವೆ. ಸಾಕುವವರು ಹುಲ್ಲು, ಹಿಂಡಿ ಕೊಂಡು ತಂದು ಹಾಕಬೇಕು, ಇಲ್ಲವೇ ಹಿಂಡನ್ನು ದೂರ ಹೊಡೆದುಕೊಂಡು ಹೋಗಬೇಕು. ರಷ್ಯಾದ ಯಮಲ್ ಪರ್ಯಾಯ ದ್ವೀಪದಲ್ಲಿ 2013ರ ನವೆಂಬರ್‌ನಲ್ಲಿ ಹೀಗೇ ಹಿಮದ ಮೇಲೆ ಮಳೆ ಬಿತ್ತು. ಆ ಚಳಿಗಾಲದಲ್ಲಿ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಅಲ್ಲಿ ಹಿಮಸಾರಂಗ ಸಾಕುವ ನೆನೆಟ್ಸ್ ಜನಾಂಗದ ಕುಟುಂಬಗಳು ಹಿಂಡುಗಳನ್ನೇ ಕಳೆದುಕೊಂಡವು. ಮರಾಠವಾಡ, ವಿಜಯಪುರದ ಕಡೆ ಬರ ಬಿದ್ದಾಗ ದನಗಳಿಗೆ ಮೇವಿಲ್ಲದೆ ಗೋಶಾಲೆ ತೆರೆಯುವ ಸುದ್ದಿ ನೀವು ಮುಖಪುಟದಲ್ಲಿ ಹಾಕುತ್ತೀರಿ. ಅಷ್ಟೇ ದೊಡ್ಡ ಸಂಕಟ ಇದು. ಹಿಮ ಬಿದ್ದ ಫೋಟೊದಲ್ಲಿ ಇದು ಕಾಣುವುದೇ ಇಲ್ಲ.

ಹಿಮ ತಡವಾದರೂ ಕಷ್ಟ. ಹಿಮದೊಳಗೆ ಗಾಳಿ ತುಂಬಿರುತ್ತದೆ, ಅದು ನೆಲದ ಶಾಖವನ್ನು ಹಿಡಿದಿಡುತ್ತದೆ. ಹಿಮ ಇಲ್ಲದೆ ಬರೀ ಚಳಿ ಬಿದ್ದರೆ ಹೆಪ್ಪು ಆಳಕ್ಕೆ ಇಳಿಯುತ್ತದೆ. ಬೇರುಗಳಿಗೆ ಪೆಟ್ಟು, ನೀರಿನ ಪೈಪು ಒಡೆಯುವ ಭಯ. ಕಿರುನಾ ಊರಿನ ಲಾಂಛನದಲ್ಲಿರುವ ಟಾರ್ಮಿಗನ್ ಹಕ್ಕಿಯದು ಇನ್ನೊಂದು ಕಥೆ. ಬೇಸಿಗೆಯಲ್ಲಿ ಕಂದು ಬಣ್ಣ, ಚಳಿಗಾಲಕ್ಕೆ ಅಚ್ಚ ಬಿಳಿ. ಅದು ಪುಕ್ಕ ಬದಲಿಸುವುದು ಮುಖ್ಯವಾಗಿ ಹಗಲಿನ ಉದ್ದ ನೋಡಿ, ಹಿಮ ನೋಡಿ ಅಲ್ಲ. ಹಗಲಿನ ಉದ್ದ ಯಾವ ವರ್ಷವೂ ತಪ್ಪುವುದಿಲ್ಲ. ಹಿಮ ತಪ್ಪುತ್ತದೆ. ಅಕ್ಟೋಬರ್‌ನಲ್ಲಿ ಕಂದು ನೆಲದ ಮೇಲೆ ಬಿಳಿ ಹಕ್ಕಿಗಳು ಕೂತದ್ದನ್ನು ನಾನು ನೋಡಿದೆ. ಎಷ್ಟೋ ದೂರದಿಂದ ಎದ್ದು ಕಾಣುತ್ತಿದ್ದವು. ನನಗೆ ಕಂಡದ್ದು ನರಿಗೂ ಹದ್ದಿಗೂ ಕಾಣುತ್ತದೆ ಅಲ್ವಾ?

ಕಿರುನಾದ ಪಶ್ಚಿಮಕ್ಕೆ, ಸ್ವೀಡನ್ನಿನ ಅತಿ ಎತ್ತರದ ಪರ್ವತ ಕೆಬ್ನೆಕೈಸೆಯ ಮಗ್ಗುಲಲ್ಲಿ ತಾರ್ಫಾಲ ಎಂಬ ಸಂಶೋಧನಾ ಕೇಂದ್ರ ಇದೆ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ್ದು. ಅಲ್ಲಿನ ಒಂದು ಹಿಮನದಿಗೆ ಪ್ರತಿ ವರ್ಷ ಎಷ್ಟು ಹಿಮ ಸೇರಿತು, ಎಷ್ಟು ಕರಗಿತು ಎಂದು 1945–46ರಿಂದ ಬಿಡದೆ ಅಳೆಯುತ್ತಿದ್ದಾರೆ. ಜಗತ್ತಿನಲ್ಲೇ ಇದು ಅತಿ ದೀರ್ಘವಾದ ಸತತ ದಾಖಲೆ. ವಸಂತದಲ್ಲಿ ಒಮ್ಮೆ, ಬೇಸಿಗೆ ಮುಗಿದು ಹೊಸ ಹಿಮ ಕೂರುವ ಮುಂಚೆ ಇನ್ನೊಮ್ಮೆ ಅಳತೆ. ಅಂದರೆ ಹಿಮನದಿಯ ವರ್ಷದ ಲೆಕ್ಕ ಮುಗಿಯುವುದು ಇದೇ ಶರತ್ಕಾಲದಲ್ಲಿ. ಕೆಬ್ನೆಕೈಸೆಯ ದಕ್ಷಿಣ ಶಿಖರದ ತುದಿಯಲ್ಲಿ ಮಂಜುಗಡ್ಡೆಯ ಟೋಪಿ ಇತ್ತು, ಅದರಿಂದಲೇ ಅದು ದೇಶದ ಅತಿ ಎತ್ತರದ ಜಾಗವಾಗಿತ್ತು. ಕರಗಿ ಕರಗಿ, 2019ರ ಸೆಪ್ಟೆಂಬರ್‌ನಲ್ಲಿ ಅಳೆದಾಗ ಅದು ಪಕ್ಕದ ಬಂಡೆಯ ಉತ್ತರ ಶಿಖರಕ್ಕಿಂತ ಒಂದು ಮೀಟರಿಗೂ ಹೆಚ್ಚು ತಗ್ಗಿತ್ತು. ಒಂದು ದೇಶದ ಅತಿ ಎತ್ತರದ ಜಾಗವೇ ಬದಲಾಯಿತು. ನನ್ನ ಕೈಯಲ್ಲಿ ಈಗ ತರಗತಿ ಇದ್ದಿದ್ದರೆ ಮಕ್ಕಳಿಗೆ ಮೊದಲು ಇದನ್ನೇ ಹೇಳುತ್ತಿದ್ದೆ.

ಈ ಪತ್ರ ಬರೆಯಲು ಇನ್ನೊಂದು ಕಾರಣವೂ ಇದೆ. ನಿಮ್ಮ ಫೋಟೊ ಬಂದ ದಿನ ಸಂಜೆಯೊಳಗೆ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅದು ಓಡಾಡಿತು. ಜೊತೆಗೆ ಒಂದು ಸಾಲು: ‘ಸೆಪ್ಟೆಂಬರ್‌ನಲ್ಲೇ ಹಿಮ, ಇನ್ನೆಲ್ಲಿ ಭೂಮಿ ಬಿಸಿಯಾಗೋದು?’ ಓದಿ ಬಲು ಬೇಸರವಾಯಿತು. ಒಂದು ದಿನದ ಹಿಮದಿಂದ ಅದನ್ನು ಹೇಳಲು ಬರುವುದಿಲ್ಲ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಇಡೀ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು ಫಿನ್‌ಲೆಂಡಿನ ಹವಾಮಾನ ವಿಜ್ಞಾನಿಗಳು 2022ರಲ್ಲಿ ತೋರಿಸಿದ್ದಾರೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡಾ 80–90ನ್ನು ವಾಪಸ್ ಕಳಿಸುತ್ತದೆ. ಬರೀ ನೆಲ, ಬರೀ ಸಮುದ್ರ ಅದನ್ನು ಹೀರಿಕೊಳ್ಳುತ್ತದೆ. ಹಿಮ, ಮಂಜುಗಡ್ಡೆ ಕಡಿಮೆಯಾದಷ್ಟೂ ಬಿಸಿ ಇನ್ನೂ ಏರುತ್ತದೆ. ಇನ್ನೊಂದು ಕಡೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಸೊನ್ನೆಗಿಂತ ಕೆಳಗಿರುವ ಜಾಗದಲ್ಲಿ ಅದೇ ಆವಿ ಒಮ್ಮೆಲೇ ಜೋರು ಹಿಮವಾಗಿ ಬೀಳಬಹುದು. ಆದ್ದರಿಂದ ಮೊದಲ ಹಿಮ ಯಾವತ್ತು ಬಿತ್ತು ಎಂದು ಕೇಳಿದರೆ ಸಾಲದು. ಯಾವತ್ತು ಕರಗದೆ ನೆಲದಲ್ಲಿ ನಿಂತಿತು, ನಡುವೆ ಎಷ್ಟು ಸಲ ಮಳೆ ಬಂತು, ವಸಂತದಲ್ಲಿ ಯಾವಾಗ ಹೋಯಿತು ಎಂದು ಕೇಳಬೇಕು. ನಿಮ್ಮ ಅಡಿಬರಹದಲ್ಲಿ ಊರು, ದಿನ, ಉಷ್ಣಾಂಶ ಇದ್ದಿದ್ದರೆ ಆ ಸಾಲು ಹುಟ್ಟುತ್ತಲೇ ಇರಲಿಲ್ಲ.

ಇದು ಯಾರಿಗೋ ಸಂಬಂಧಿಸಿದ ವಿಷಯ ಎಂದೂ ಹೇಳುವ ಹಾಗಿಲ್ಲ. ಮುಂಬೈ, ಠಾಣೆ, ಪುಣೆಯ ಎಷ್ಟೋ ಕನ್ನಡ ಮನೆಗಳ ಮಕ್ಕಳು ಈಗ ಲುಲಿಯೊ, ಉಮಿಯೊ, ಔಲು, ಟ್ರೋಮ್ಸೊ ಎಂಬ ಉತ್ತರದ ಊರುಗಳ ಕಡೆ ಓದಲು, ಕೆಲಸಕ್ಕೆ ಹೋಗುತ್ತಿದ್ದಾರೆ. ಆಗಸ್ಟ್‌ನಲ್ಲಿ ವಿಮಾನ ಹತ್ತುತ್ತಾರೆ. ತಂದೆತಾಯಿ ಸೂಟ್‌ಕೇಸ್ ತುಂಬ ಉಣ್ಣೆ ಬಟ್ಟೆ ತುಂಬಿ ಕಳಿಸುತ್ತಾರೆ. ಆದರೆ ಮೊದಲ ಎರಡು ತಿಂಗಳು ಅಲ್ಲಿ ಬೇಕಾಗುವುದು ನೀರು ಇಳಿಯದ ಬೂಟು, ನೀರು ಇಳಿಯದ ಕೋಟು. ಕೋಟಿಗೆ ನೇತುಹಾಕುವ, ಗಾಡಿಯ ದೀಪ ಬಿದ್ದರೆ ಹೊಳೆಯುವ ರಿಫ್ಲೆಕ್ಟರ್. ಹಿಮ ನೆಲದಲ್ಲಿ ನಿಲ್ಲುವ ಮುಂಚಿನ ವಾರಗಳೇ ಅತಿ ಕತ್ತಲು, ಯಾಕೆಂದರೆ ಬೆಳಕನ್ನು ಹಿಂದೆ ಎಸೆಯಲು ನೆಲದಲ್ಲಿ ಬಿಳಿ ಇರುವುದಿಲ್ಲ. ರಸ್ತೆಯಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಕಟ್ಟುವುದೂ ಆಗಲೇ. ಸ್ವೀಡನ್ನಿನಲ್ಲಿ ಮೊಳೆ ಇರುವ ಟೈರು ಹಾಕಲು ಅಕ್ಟೋಬರ್ 1ರಿಂದಲೇ ಅನುಮತಿ. ಚಳಿಗಾಲದ ಟೈರು ಕಡ್ಡಾಯವಾಗುವುದು ಡಿಸೆಂಬರ್ 1ರಿಂದ, ಅದೂ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ. ಮಗಳು ಅಕ್ಟೋಬರ್ ಶುರುವಿಗೇ ಹಾಕಿಸಿಬಿಟ್ಟಳು.

ಎಲ್ಲಕ್ಕಿಂತ ಮುಖ್ಯ ಕೆರೆಗಳ ವಿಷಯ. ಹೊಸದಾಗಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಹಿಮ ಬಿದ್ದರೆ ಅದು ಕೆಳಗಿನ ಮಂಜುಗಡ್ಡೆಯನ್ನು ಬೆಚ್ಚಗಿಡುತ್ತದೆ. ಮಂಜುಗಡ್ಡೆ ದಪ್ಪವಾಗುವುದಿಲ್ಲ. ಮೇಲಿನಿಂದ ನೋಡಿದರೆ ಗಟ್ಟಿ ಬಿಳಿ ಮೈದಾನ, ಕೆಳಗೆ ತೆಳು ಪದರ. ಒಬ್ಬರು ನಡೆಯಬೇಕಾದರೂ ಕನಿಷ್ಠ 10 ಸೆಂಟಿಮೀಟರ್ ಗಟ್ಟಿ ಮಂಜುಗಡ್ಡೆ ಇರಬೇಕು ಎಂದು ಸ್ವೀಡನ್ನಿನಲ್ಲಿ ಹೇಳುತ್ತಾರೆ. ಮುಂಬೈನಿಂದ ಹೋದ ಹುಡುಗ ಹುಡುಗಿಯರಿಗೆ ಇದು ಹೇಗೆ ತಿಳಿಯಬೇಕು? ಮೊದಲ ಹಿಮ ಕಂಡ ಖುಷಿಯಲ್ಲಿ ಫೋಟೊ ತೆಗೆಯಲು ಕೆರೆಯ ಮೇಲೆ ಇಳಿದರೆ? ಬರೆಯುವಾಗಲೇ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಏಜೆನ್ಸಿಯಿಂದ ಇಂಥ ಫೋಟೊ ಬಂದಾಗ ಅದರ ಜೊತೆ ಬಂದ ಮೂಲ ಮಾಹಿತಿಯಲ್ಲಿ ಊರು, ದಿನಾಂಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ಅಂದಿನ ಉಷ್ಣಾಂಶ ಹಾಕಿ. ಹಿಮ ನಿಂತಿತೋ ಕರಗಿತೋ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ. ‘ಚಳಿಗಾಲ ಆರಂಭ’ ಎಂಬುದನ್ನು ಅಲ್ಲಿನ ಹವಾಮಾನ ಸಂಸ್ಥೆ ಹೇಳಿದ ಮೇಲೆ ಬರೆಯಿರಿ. ಅಕ್ಟೋಬರ್, ನವೆಂಬರ್‌ನಲ್ಲಿ ಒಂದು ಭಾನುವಾರವಾದರೂ ಅರ್ಧ ಪುಟ ಈ ವಾರಗಳಿಗೆ ಕೊಡಿ: ಹಿಮಸಾರಂಗ, ಕೆರೆ, ಕತ್ತಲು, ಅಲ್ಲಿರುವ ನಮ್ಮ ಮಕ್ಕಳ ಅನುಭವ. ನಾರ್ವೆ, ಸ್ವೀಡನ್, ಫಿನ್‌ಲೆಂಡ್ ಮೂರೂ ದೇಶಗಳ ಹವಾಮಾನ ಸಂಸ್ಥೆಗಳು ಊರೂರಿನ ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಅವನ್ನು ನೋಡಿ ಕನ್ನಡದಲ್ಲಿ ಬರೆದುಕೊಡಲು ಯಾರಾದರೂ ಬೇಕಿದ್ದರೆ ನಾನೇ ವಾರಕ್ಕೊಮ್ಮೆ ಬರೆದುಕೊಡುತ್ತೇನೆ. ಸಂಭಾವನೆ ಬೇಡ. ಮಗಳು ಊರಿನ ಸುದ್ದಿ ಸೇರಿಸಿ ಕಳಿಸುತ್ತೇನೆ ಎಂದಿದ್ದಾಳೆ. ಈ ವರ್ಷ ಕಿರುನಾದಲ್ಲಿ ಒಂದು ಸಲ ಹಿಮ ಬಿದ್ದು ಕರಗಿದೆ. ಎರಡನೆಯದು ಇನ್ನೂ ಬಂದಿಲ್ಲ.

ಇಂತಿ ನಿಮ್ಮ ಓದುಗಾರ್ತಿ,
ನಿವೃತ್ತ ಭೂಗೋಳ ಶಿಕ್ಷಕಿ,
ಡೊಂಬಿವಲಿ ಪೂರ್ವ